ಟಿಬ್ಬಿಯ ಜೊತೆ ಮಾತು ಕಲಿತ ವಾಟಿ

ವಾಟಿ ಪರ್ವಿಸ್ ನಾಯಿಮರಿಗಳಿಗೆ ಪಾಠ ಶುರುಮಾಡುತ್ತಿದ್ದದ್ದು ಗುಡ್ಡದ ಮೇಲಲ್ಲ, ಅಡುಗೆಮನೆಯಿಂದ ಹಿತ್ತಿಲ ಬಾಗಿಲಿಗೆ ಹೋಗುವ ಇಕ್ಕಟ್ಟಾದ ಓಣಿಯಲ್ಲಿ. ಎರಡೂ ಕಡೆ ಗೋಡೆ, ತಪ್ಪಿಸಿಕೊಂಡು ಓಡಲು ಜಾಗವಿಲ್ಲ. ತನ್ನ ಹಳೆಯ ಉಣ್ಣೆಯ ಕಾಲುಚೀಲವನ್ನು ಉಂಡೆ ಕಟ್ಟಿ ಉರುಳಿಸುವನು. ಮರಿ ಬಿದ್ದು ಎದ್ದು ಓಡಿ ಅದನ್ನು ಕಚ್ಚಿಕೊಂಡು, ಬೇರೆ ದಾರಿ ಕಾಣದೆ ನೇರ ಅವನ ಮಡಿಲಿಗೇ ಬರುವುದು. ಬಂತೆಂದು ಬಾಯಿಂದ ಕಿತ್ತುಕೊಳ್ಳುತ್ತಿರಲಿಲ್ಲ. ಎದೆಗವಚಿಕೊಂಡು ಕಿವಿ ತುರಿಸಿ, "ನನಗೇಂತ ತಂದ್ಯಾ? ಎಂಥಾ ಹುಡುಗಿನೇ ನೀನು!" ಎಂದು ಮುದ್ದುಮಾಡಿ, ಅದು ತಾನಾಗಿ ಬಾಯಿ ಸಡಿಲಿಸುವವರೆಗೆ ಕಾಯುವನು. ಇಂಥದ್ದು ಒಂದೆರಡು ಸಲ, ಅಷ್ಟೇ. ಮರಿ ಇನ್ನೂ ಬೇಕೆಂದು ಕುಣಿಯುತ್ತಿರುವಾಗಲೇ ಕಾಲುಚೀಲ ಜೇಬು ಸೇರುತ್ತಿತ್ತು.

"ಸಾಕಾಗೋ ತನಕ ಆಡಿಸಬಾರದು ಐನಾ," ಎನ್ನುವನು ಹೆಂಡತಿಗೆ. "ನಾಳೆಗೆ ಒಂಚೂರು ಆಸೆ ಉಳೀಬೇಕು."

"ಆಸೆ ಉಳಿಯುತ್ತೆ, ಸರಿ. ಕಾಲುಚೀಲ ಒಂದೂ ಉಳೀತಿಲ್ವಲ್ಲ ಮಾರಾಯ," ಎನ್ನುವಳು ಐನಾ.

ಸ್ಕಾಟ್ಲೆಂಡಿನ ಲ್ಯಾಮರ್‌ಮ್ಯೂರ್ ಗುಡ್ಡಗಳ ಕೆಳಗಿನ ಒಂದು ಎಸ್ಟೇಟಿನಲ್ಲಿ ವಾಟಿ ಬೇಟೆಯ ಕಾವಲುಗಾರ. ಫೆಸೆಂಟ್ ಎಂಬ ಬೇಟೆಹಕ್ಕಿಯ ಮರಿಗಳನ್ನು ಸಾಕಿ ಕಾಡಿಗೆ ಬಿಡುವುದು, ಅವನ್ನು ನರಿಗಳಿಂದ ಕಾಯುವುದು, ಬೇಟೆಯ ದಿನ ಬಂದವರನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು ಅವನ ಕೆಲಸ. ಇದೆಲ್ಲ ಹೊಟ್ಟೆಪಾಡು; ಅವನ ಜೀವ ಇದ್ದದ್ದು ಸ್ಪ್ಯಾನಿಯಲ್ ನಾಯಿಗಳಲ್ಲಿ. ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸಬೇಕು, ಗುಂಡು ಹಾರಿದಾಗ ಕೂತಲ್ಲೇ ಕೂತಿರಬೇಕು, ಹೇಳಿದಾಗ ಹೋಗಿ ಬಿದ್ದ ಹಕ್ಕಿಯನ್ನು ಒಂದು ಗರಿಯೂ ಮುರಿಯದಂತೆ ತರಬೇಕು. ಅವನ ಅಪ್ಪನೂ ಇದೇ ಕೆಲಸದಲ್ಲಿದ್ದವನು, ಆದರೆ ಕೋಲಿನಲ್ಲಿ ಕಲಿಸಿದವನು. ಆ ನಾಯಿಗಳು ಹೇಳಿದ್ದೆಲ್ಲ ಮಾಡುತ್ತಿದ್ದವು, ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು. ಹಾಗೆ ತೆವಳುತ್ತ ಬರುವ ನಾಯಿ ತನಗೆ ಬೇಡವೆಂದು ವಾಟಿ ಎಳೆಯ ವಯಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದ. ಮದುವೆಯಾದ ಹೊಸತರಲ್ಲಿ ಒಂದು ಮರಿ ಐನಾಳ ಚರ್ಚಿನ ಶೂ ಕದ್ದು ಓಡಿತು. ಅವಳು ಪೊರಕೆ ಹಿಡಿದು ಅಟ್ಟಿಸಿಕೊಂಡು ಹೊರಟರೆ, ವಾಟಿ ಅವಳ ಕೈ ಹಿಡಿದು ಎಳೆದುಕೊಂಡು ಎದುರು ದಿಕ್ಕಿಗೆ ಓಡಿದ. ಮರಿ ಶೂ ಸಮೇತ ಅವರ ಹಿಂದೆಯೇ ಬಂತು. "ನೋಡಿದ್ಯಾ? ಅಟ್ಟಿದರೆ ದೂರ ಹೋಗ್ತದೆ," ಎಂದ. ಐನಾಗೆ ಅವತ್ತು ಗಂಡನ ಮೇಲೆ ಬಂದ ಪ್ರೀತಿ ಆಮೇಲೆ ಕಡಿಮೆಯಾಗಲೇ ಇಲ್ಲ, ಶೂ ಮಾತ್ರ ಹಾಳಾಯಿತು.

ಟಿಬ್ಬಿ ಎಂಬ ಕಂದು-ಬಿಳಿ ಮರಿಗೆ ಹಾಲುಹಲ್ಲು ಉದುರಿ ಹೊಸ ಹಲ್ಲು ಬಂದಿದ್ದ ಕಾಲ. ಸೀಟಿ ಊದಿದರೆ ಕೂರುವುದನ್ನು, ಕರೆದರೆ ಓಡಿಬರುವುದನ್ನು ಕಲಿತಿತ್ತು. ಕೋವಿಯ ಸದ್ದು ಕೇಳಿರಲಿಲ್ಲ, ಮೊಲ ಕಂಡಿರಲಿಲ್ಲ. ಕುರಿಗಳು ಮರಿ ಹಾಕುವ ದಿನಗಳಲ್ಲಿ ಒಂದು ಬೆಳಿಗ್ಗೆ ವಾಟಿ ಕೋಸಿನ ಪಾತಿಯಲ್ಲಿ ಕುಸಿದ. ಐನಾ ಓಡಿಬಂದಾಗ ಟಿಬ್ಬಿ ಅವನ ಕೆನ್ನೆ ನೆಕ್ಕುತ್ತಿತ್ತು. ಲಕ್ವ ಹೊಡೆದಿತ್ತು.

ಆಸ್ಪತ್ರೆಯಿಂದ ಮನೆಗೆ ಬಂದಾಗ ಬೇಸಿಗೆ. ಬಲಗೈ ಜೋತುಬಿದ್ದಿತ್ತು, ಬಲಗಾಲು ಎಳೆಯುತ್ತಿತ್ತು. ಅದಕ್ಕಿಂತ ದೊಡ್ಡದು, ಮಾತು ಹೋಗಿತ್ತು. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಏನು ಹೇಳಹೊರಟರೂ "ಅದು... ಅದು..." ಅಷ್ಟೇ. ಸೀಟಿಯನ್ನು ತುಟಿಗಿಟ್ಟರೆ ಗಾಳಿ ಪಕ್ಕದಿಂದ ಸೋರಿಹೋಗುತ್ತಿತ್ತು.

ಪಕ್ಕದ ಗುಡ್ಡದ ಕುರುಬ ಹ್ಯೂಯಿ, ಐನಾಳ ಮನೆಯ ಚಹಾಕ್ಕೆ ಅಂಟಿಕೊಂಡವನು. ಒಂದು ದಿನ ಟೋಪಿ ತಿರುಗಿಸುತ್ತ ಹೇಳಿದ: "ಐನಾ, ಮರಿ ಒಳ್ಳೇದು. ಹಾಗೇ ಬಿಟ್ರೆ ಕೆಟ್ಟುಹೋಗ್ತದೆ. ಕಣಿವೆ ಆಚೆ ಕಾವಲುಗಾರನಿಗೆ ಕೊಟ್ಟುಬಿಡ್ತೀಯಾ?"

ಐನಾ ಉತ್ತರ ಕೊಡುವ ಮೊದಲೇ ವಾಟಿ ಎಡಗೈ ಚಾಚಿ ಟಿಬ್ಬಿಯ ಕೊರಳಪಟ್ಟಿ ಹಿಡಿದುಕೊಂಡ. ಬಿಡಲಿಲ್ಲ.

"ಸಿಕ್ತಲ್ಲ ಉತ್ತರ," ಎಂದಳು ಐನಾ.

"ಮತ್ತೆ ಕಲಿಸೋರು ಯಾರು? ನೀನಾ?"

"ಯಾಕೆ, ನನ್ನ ಬಾಯಿಗೆ ಲಕ್ವ ಹೊಡೆದಿದ್ಯಾ?"

ಹೀಗೆ ಶುರುವಾಯಿತು. ವಾಟಿ ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರುವನು, ಐನಾ ಸೀಟಿ ಕೊರಳಿಗೆ ಹಾಕಿಕೊಂಡು ಅಂಗಳದಲ್ಲಿ ನಿಲ್ಲುವಳು. ಅವಳು ಮೊದಲ ಸಲ ಊದಿದ ಹೊಡೆತಕ್ಕೆ ಕೋಳಿಗಳು ಚೆಲ್ಲಾಪಿಲ್ಲಿಯಾದವು, ಗೇಟಿನಾಚೆ ಹೋಗುತ್ತಿದ್ದ ಹ್ಯೂಯಿಯ ನಾಯಿ ಗಪ್ಪೆಂದು ಕೂತಿತು. ಟಿಬ್ಬಿ ಮಾತ್ರ ತಲೆ ಓರೆಮಾಡಿ ಅವಳನ್ನೇ ನೋಡಿತು.

"ನನ್ನ ನಾಯೀನ ಕೆಡಿಸಬೇಡ್ವೇ ತಾಯಿ!" ಎಂದು ಹ್ಯೂಯಿ ಅತ್ತ ಕಡೆಯಿಂದ ಕೂಗಿದ.

ವಾಟಿ ಎಡಗೈ ಎತ್ತಿ ಬೆರಳುಗಳನ್ನು ಸ್ವಲ್ಪ ಮಡಚಿದ. ಮೆಲ್ಲಗೆ, ಚಿಕ್ಕದಾಗಿ. ಅವಳು ಹಾಗೇ ಊದಿದಳು. ಟಿಬ್ಬಿ ಕೂತಿತು. ಐನಾಗೆ ಹಿಗ್ಗು ತಡೆಯಲಾಗದೆ ಮತ್ತೆ ಮತ್ತೆ ಊದಿ ಕೂರಿಸಿದಳು. ಕೊನೆಗೆ ಮರಿ ಆಕಳಿಸಿ ಹೂವಿನ ಗಿಡದ ಬುಡ ಕೆರೆಯಲು ಹೋಯಿತು. ವಾಟಿ ತನ್ನ ಜೇಬನ್ನು ತಟ್ಟಿ ತೋರಿಸಿದ. ಸೀಟಿ ಒಳಗಿಡು. ಹೆಚ್ಚಾಯಿತು.

ಆ ಸನ್ನೆ ಐನಾಳ ಮನಸ್ಸಿಗೆ ನಾಟಿತು. ಆಸ್ಪತ್ರೆಯಿಂದ ಮಿಸ್ ಅರ್ಕರ್ಟ್ ಎಂಬ ಹುಡುಗಿ ವಾಟಿಗೆ ಮಾತು ಕಲಿಸಲು ಬರುತ್ತಿದ್ದಳು. ಚಹಾದ ಕಪ್ಪು, ಕುರ್ಚಿ, ಬಾಚಣಿಗೆಯ ಚಿತ್ರಗಳಿದ್ದ ಕಾರ್ಡುಗಳನ್ನು ಕೊಟ್ಟುಹೋಗಿದ್ದಳು. ಐನಾ ದಿನವೂ ಅವನನ್ನು ಅವುಗಳ ಮುಂದೆ ಕೂರಿಸಿ, "ಇದೇನು ಹೇಳು. ಕಪ್ಪು ವಾಟಿ, ಕಪ್ಪು. ಹೇಳೋಕೆ ಆಗಲ್ವಾ?" ಎಂದು ಅವನ ಕಣ್ಣಲ್ಲಿ ನೀರು ಬರುವವರೆಗೆ, ಅವನು ಕಾರ್ಡುಗಳನ್ನು ನೆಲಕ್ಕೆ ತಳ್ಳುವವರೆಗೆ ಬಿಡುತ್ತಿರಲಿಲ್ಲ. ಅವನು ಒಂದು ದಿನವಾದರೂ ಒಂದು ಮರಿಯನ್ನು ಹೀಗೆ ಕಾಡಿಸಿದ್ದುಂಟೇ?

ಮಾರನೆಯ ದಿನದಿಂದ ಆಟ ಬದಲಾಯಿತು. ಕಪ್ಪಿನ ಚಿತ್ರದ ಬದಲು ಬಿಸಿ ಚಹಾದ ಕಪ್ಪನ್ನೇ ಅವನ ಮೂಗಿನ ಕೆಳಗೆ ಹಾಯಿಸಿ, "ಚ..." ಎಂದು ಅರ್ಧಕ್ಕೆ ನಿಲ್ಲಿಸಿ ಕಾಯುವಳು. ಬಂದರೆ ಬಂತು, ಬಾರದಿದ್ದರೆ ಕಪ್ಪನ್ನು ಕೈಗಿಟ್ಟು ಬೇರೆ ಕೆಲಸಕ್ಕೆ ಹೋಗುವಳು. ಬೆಲ್ಲದಂಥ ಕಪ್ಪು ಕಾಕಂಬಿ ಸವರಿದ ರೊಟ್ಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಯಾವ ಕೈ ಎಂದು ಕೇಳುವಳು. ಅವನ ಮುಖದಲ್ಲಿ ನಗು ಇರುವಾಗಲೇ ಆಟ ಮುಗಿಸುವಳು. ಮಿಸ್ ಅರ್ಕರ್ಟ್ ಇದನ್ನು ನೋಡಿ ಕೈ ತಟ್ಟಿದಳು. "ಹೀಗೇ ಮಿಸೆಸ್ ಪರ್ವಿಸ್, ಸಣ್ಣ ಸಣ್ಣ ತುತ್ತು. ಹಾಂ, ಇನ್ನೊಂದು. ಅವರ ಜೊತೆ ಹಾಡಿ. ಮಾತು ಸಿಗದಿದ್ದರೂ ಎಷ್ಟೋ ಜನಕ್ಕೆ ಹಾಡಲ್ಲಿ ಪದ ಸಿಗುತ್ತೆ."

ಹಾಡೇನೋ ಹಾಡಿದರು. ರಾಗ ಬಂತು, ಪದ ಬರಲಿಲ್ಲ. ಟಿಬ್ಬಿ ಮೂತಿ ಎತ್ತಿ ತಾನೂ ಸೇರಿಕೊಂಡಿತು.

ಆಗಸ್ಟಿನಲ್ಲಿ ವಾಟಿ ಊರುಗೋಲು ಹಿಡಿದು ಗುಡ್ಡದ ಬುಡದವರೆಗೆ ನಡೆಯುವಷ್ಟಾದ. ಗುಡ್ಡ ತುಂಬಿದ್ದ ಹೆದರ್ ಎಂಬ ಕುರುಚಲು ಪೊದೆಗಳು ಹೂಬಿಟ್ಟು ನೇರಳೆ ಬಣ್ಣಕ್ಕೆ ತಿರುಗಿದ್ದವು. ಟಿಬ್ಬಿ ಐನಾಳ ಮುಂದೆ ಎಡಕ್ಕೂ ಬಲಕ್ಕೂ ಓಡುತ್ತ ಪೊದೆ ಮೂಸುತ್ತಿತ್ತು. ಇದ್ದಕ್ಕಿದ್ದಂತೆ ಅದರ ಮೂಗಿನಡಿಯಿಂದಲೇ ಒಂದು ದೊಡ್ಡ ಮೊಲ ಚಂಗನೆ ನೆಗೆಯಿತು. ಟಿಬ್ಬಿ ಬಾಣದ ಹಾಗೆ ಹಿಂದೆ ಹೊರಟಿತು. ಐನಾ ಗಾಬರಿಯಲ್ಲಿ ಸೀಟಿಗೆ ತಡಕಾಡಿದಳು. ಅದು ಕೋಟಿನ ಗುಂಡಿಗೆ ಸಿಕ್ಕಿಕೊಂಡಿತ್ತು.

"ಕೂರೇ, ಕತ್ತೆ!"

ಗುಡ್ಡವೆಲ್ಲ ಕೇಳುವಂಥ ಗಂಡುದನಿ. ಟಿಬ್ಬಿ ಓಡುತ್ತಿದ್ದಲ್ಲೇ ಕಾಲೂರಿ ಕೂತಿತು. ಐನಾ ಕೂಡ ಇದ್ದಲ್ಲೇ ಪೊದೆಯ ಮೇಲೆ ಕೂತುಬಿಟ್ಟಳು. ಮೊಲ ದಿಬ್ಬ ದಾಟಿ ಹೋಯಿತು. ವಾಟಿ ತನ್ನ ಬಾಯನ್ನು ತಾನೇ ಮುಟ್ಟಿಕೊಂಡು ನಿಂತಿದ್ದ.

"ಯಾರಿಗಂದೆ ವಾಟಿ? ಅವಳಿಗೋ ನನಗೋ?" ಎಂದಳು ಐನಾ. ನಗುವೂ ಅಳುವೂ ಒಟ್ಟಿಗೇ ಬಂದು ಮಾತು ತೊದಲಿತು.

ಅವನು ಬಾಯಿ ತೆರೆದ. "ಅದು... ಅದು..." ಎಂದ. ಆಮೇಲೆ ಅವನೂ ನಗತೊಡಗಿದ. ಟಿಬ್ಬಿ ಮಾತ್ರ, ಎದ್ದೇಳು ಎಂದು ಯಾರೂ ಹೇಳದ್ದರಿಂದ, ಅಲ್ಲೇ ಕೂತು ಇಬ್ಬರನ್ನೂ ನೋಡುತ್ತಿತ್ತು. ವಾಟಿ ಕಾಲೆಳೆಯುತ್ತ ಅಷ್ಟು ದೂರ ನಡೆದುಹೋಗಿ ಅದರ ತಲೆ ಸವರಿದ.

ಅಲ್ಲಿಂದ ಒಂದೊಂದೇ ಪದ ಬರತೊಡಗಿತು, ಬೇಕಾದ ಹೊತ್ತಿಗಲ್ಲ, ಬಂದ ಹೊತ್ತಿಗೆ. ಚಹಾ ಬಂತು, ಮಳೆ ಬಂತು, ಹ್ಯೂಯಿಯನ್ನು ಬೈಯುವ ಪದಗಳು ಎಲ್ಲಕ್ಕಿಂತ ಸಲೀಸಾಗಿ ಬಂದವು. ಹೆಂಡತಿಯ ಹೆಸರು ಮಾತ್ರ ಬರಲಿಲ್ಲ. ಕರೆಯಹೊರಟರೆ ನಾಲಿಗೆಗೆ ಸಿಗುತ್ತಿದ್ದದ್ದು "ಟಿಬ್ಬಿ". ಕರೆದರೆ ಇಬ್ಬರೂ ಓಡಿಬರುತ್ತಿದ್ದರು.

"ಹೆಸರು ಯಾವುದಾದ್ರೇನು, ಬಾಲ ಅಲ್ಲಾಡಿಸು ಅನ್ನದಿದ್ರೆ ಸಾಕು," ಎಂದಳು ಐನಾ ಹ್ಯೂಯಿಗೆ.

ಕೋವಿಯ ಸದ್ದಿಗೆ ಟಿಬ್ಬಿ ಬೆದರಬಾರದಲ್ಲ. ಅದನ್ನೂ ಆಟದಲ್ಲೇ ಕಲಿಸಿದರು. ವಾಟಿ ಬಾಗಿಲಲ್ಲಿ ಕೂತು ಊಟದ ಬೋಗುಣಿ ಇಡುವಾಗ ಐನಾ ದೂರದ ಕಲ್ಲಿದ್ದಲ ಕೊಟ್ಟಿಗೆಯಲ್ಲಿ ಪಾತ್ರೆಯ ಮುಚ್ಚಳ ಬಡಿಯುವಳು. ಮರಿ ತಲೆಯೆತ್ತದೆ ತಿಂದರೆ ನಾಳೆ ಇನ್ನೊಂದಿಷ್ಟು ಹತ್ತಿರ. ಕೊನೆಗೆ ಹ್ಯೂಯಿ ಬೇಲಿಯಾಚೆ ಕೋವಿ ಹಾರಿಸಿದಾಗ ಟಿಬ್ಬಿ, ಊಟ ಬಂತೆಂದು, ನಾಲಿಗೆ ಚಪ್ಪರಿಸಿಕೊಂಡು ಬಾಗಿಲಿಗೆ ಓಡಿತು.

ನವೆಂಬರಿನ ಮೊದಲ ಬೇಟೆಗೆ ಐನಾ ಅದನ್ನು ಕರೆದುಕೊಂಡು ಹೋದಳು. ವಾಟಿ ಮಡಚುವ ಸ್ಟೂಲಿನ ಮೇಲೆ ಕಾಡಿನ ಅಂಚಿನಲ್ಲಿ ಕೂತ. ಒಂದು ಫೆಸೆಂಟ್ ಹುಂಜ ರೆಕ್ಕೆಗೆ ಪೆಟ್ಟಾಗಿ ಕೆಳಗಿಳಿದು, ಒಣಗಿದ ಜರೀಗಿಡಗಳ ಒಳಗೆ ಓಡಿಹೋಯಿತು. ಐನಾ ಕೈ ಬೀಸಿ ಕಳಿಸಿದಳು. ಟಿಬ್ಬಿ ಒಳಹೊಕ್ಕಿತು, ಮರೆಯಾಯಿತು. ಗಿಡ ಅಲ್ಲಾಡುವುದೂ ನಿಂತಿತು. ಕೋವಿಯವರು ಕಾಯುತ್ತ ನಿಂತರು. ಯಾರೋ ಗಡಿಯಾರ ನೋಡಿಕೊಂಡರು. ಐನಾಳ ಮುಖ ಬಿಸಿಯಾಯಿತು. ಕರೆದುಬಿಡೋಣವೆಂದು ಸೀಟಿಯನ್ನು ತುಟಿಗೆ ತಂದಳು. ವಾಟಿಯ ಎಡಗೈ ಅವಳ ಮಣಿಕಟ್ಟಿನ ಮೇಲೆ ಬಂತು.

"ತಡಿ," ಎಂದ, ಸ್ಪಷ್ಟವಾಗಿ. "ಅವಳಿಗೆ... ಗೊತ್ತು."

ತಡೆದಳು. ಅವರು ನೋಡುತ್ತಿದ್ದ ಕಡೆಯಿಂದಲ್ಲ, ಬೆನ್ನ ಹಿಂದಿನ ಹಳ್ಳದಿಂದ ಟಿಬ್ಬಿ ಬಂತು, ಮೈಯೆಲ್ಲ ಕೆಸರು, ಬಾಯಲ್ಲಿ ಕತ್ತೆತ್ತಿ ಸುತ್ತ ನೋಡುತ್ತಿದ್ದ ಜೀವಂತ ಹುಂಜ. ಐನಾ ಕೈ ಚಾಚಿದಳು. ಅದು ಅವಳನ್ನು ದಾಟಿ ಹೋಗಿ ಸ್ಟೂಲಿನ ಮುಂದೆ ಕೂತು, ಮುಖ ಎತ್ತಿತು. ವಾಟಿ ಒಂದೇ ಕೈಯಲ್ಲಿ ಹಕ್ಕಿಯನ್ನು ತೆಗೆದುಕೊಂಡ. ಐನಾಗೆ ಒಂದಿಷ್ಟೂ ಬೇಸರವಾಗಲಿಲ್ಲ. ಅವಳು ಮೂಗು ಒರೆಸಿಕೊಳ್ಳಲು ಆ ಕಡೆ ತಿರುಗಿದಳು.

ವಾಟಿ ಮತ್ತೆ ಕೆಲಸಕ್ಕೆ ಹೋಗಲಾಗಲಿಲ್ಲ. ಎಸ್ಟೇಟಿನವರು ಆ ಮನೆಯಲ್ಲೇ ಇರಲು ಬಿಟ್ಟರು. ಮಾತು ಪೂರ್ತಿ ಮರಳಲಿಲ್ಲ. ಆದರೆ ಸುತ್ತಲಿನ ಕಾವಲುಗಾರರು ತಮ್ಮ ಮರಿಗಳನ್ನು ತಂದು ಐನಾಳ ಅಂಗಳದಲ್ಲಿ ಬಿಡುವಂತಾಯಿತು. ಅವಳು ಆಡಿಸುವಳು, ಅವನು ಬೆಂಚಿನಿಂದ ಕೈ ಎತ್ತುವನು. "ಆ ಮರಿಗೆ ಎಷ್ಟು ಋಣಿಯಾದ್ರೂ ಸಾಲದು," ಎಂದಳು ಅವಳು ಒಮ್ಮೆ ಹ್ಯೂಯಿಯ ಹತ್ತಿರ. "ಬಂದವರೆಲ್ಲ ಅವನ ಮಾತನ್ನ ತಾವೇ ಮುಗಿಸೋರು. ನಾನೂ ಅಷ್ಟೇ, ನೀನೂ ಅಷ್ಟೇ. ಅದೊಂದೇ ಅವನ ಮುಖ ನೋಡ್ಕೊಂಡು ಕೂತಿರೋದು. ಅವನಿಗೆ ಕಾಯಿಲೆ ಅಂತ ಅದಕ್ಕೆ ಗೊತ್ತೇ ಇರಲಿಲ್ಲ ನೋಡು."

ಹೊಸ ವರ್ಷದ ದಿನ ಹ್ಯೂಯಿ ಊಟಕ್ಕೆ ಬಂದಿದ್ದ. ಐನಾ ಬಾರ್ಲಿಯ ಸಾರನ್ನು ಬಡಿಸಿ, ಊಟಕ್ಕೆ ಮುಂಚೆ ದೇವರನ್ನು ನೆನೆಯಲು, ಲಕ್ವ ಹೊಡೆದಾಗಿನಿಂದ ಮಾಡುತ್ತಿದ್ದಂತೆ, ತಾನೇ ತಲೆ ತಗ್ಗಿಸಿದಳು. ವಾಟಿ ಮೇಜನ್ನು ಮೆಲ್ಲಗೆ ತಟ್ಟಿದ. ಅವಳು ಸುಮ್ಮನಾದಳು.

"ದೇವರೇ," ಎಂದ ವಾಟಿ. ನಿಂತಿತು. ಹ್ಯೂಯಿ ಬಾಯಿ ತೆರೆದವನು ಐನಾಳ ಕಣ್ಣು ನೋಡಿ ಮುಚ್ಚಿಕೊಂಡ. ಸಾರಿನ ಹಬೆ ಕಡಿಮೆಯಾಗುತ್ತ ಬಂತು. ಒಲೆಯಲ್ಲಿ ಕೊರಡು ಕುಸಿಯಿತು. ಯಾರೂ ಒಂದು ಪದವನ್ನೂ ಎತ್ತಿಕೊಡಲಿಲ್ಲ.

"ಇದಕ್ಕೆ... ಎಲ್ಲ," ಎಂದ ವಾಟಿ. "ನೀ... ಕೊಟ್ಟೆ. ಉಪಕಾರ." ಮತ್ತೆ ಹುಡುಕಾಡಿ, ಎದುರಿಗೆ ಕೂತವಳನ್ನು ನೋಡಿ, "ಐನಾ... ಕೊಟ್ಟೆ," ಎಂದ.



"ಆಮೆನ್," ಎಂದ ಹ್ಯೂಯಿ. "ಸಾರು ತಣ್ಣಗಾಯ್ತು ಕಣೇ ಐನಾ, ಇನ್ನೊಂದ್ಸಲ ಬಿಸಿ ಮಾಡು."

ಐನಾ ಮೂರೂ ಬಟ್ಟಲುಗಳನ್ನು ಪಾತ್ರೆಗೆ ಸುರಿದು, ಒಲೆಯ ಮೇಲಿಟ್ಟು, ಅವರಿಗೆ ಬೆನ್ನು ಮಾಡಿ ನಿಂತು ತುಂಬಾ ಹೊತ್ತು ಕಲಕಿದಳು.