ನನಗೆ ಕೈಗುಣ ಬಂದದ್ದು, ಅದು ನಡೆದದ್ದು

ಹನ್ನೊಂದನೇ ವಯಸ್ಸಿನಲ್ಲಿ ನನಗೆ ಮಾಂತ್ರಿಕ ಶಕ್ತಿ ಬಂತು. ಬಂದದ್ದು ಬೆಳಿಗ್ಗೆ, ತಿಂಡಿಗೆ ಮುಂಚೆ. ನಾನಿನ್ನೂ ತಲೆ ಬಾಚಿರಲಿಲ್ಲ.

ಶಿಡ್ಲಘಟ್ಟದ ಟೆಂಟ್ ಸಿನಿಮಾದಲ್ಲಿ ಶಕ್ತಿ ಬರುವ ಕ್ರಮ ಬೇರೆ ಇತ್ತು. ಅಲ್ಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ತೆಲುಗು ಚಿತ್ರಗಳು. ನಾಯಕಿ ಒಬ್ಬಳೇ ಕಾಡಿಗೆ ಹೋಗುತ್ತಾಳೆ. ಗಡ್ಡದ ಮುದುಕನೊಬ್ಬ ಬಾಯಾರಿ ಬಿದ್ದಿರುತ್ತಾನೆ. ಒಂದು ಚೊಂಬು ನೀರು ಕೊಟ್ಟರೆ ಎದ್ದು ಕೂತು ಉಂಗುರ ಕೊಡುತ್ತಾನೆ. ಅದೇ ಕಾಡಿನಲ್ಲಿ ದಿನವೂ ಸೌದೆ ಹೊರುವ ಹೆಂಗಸರಿಗೆ ಆ ಮುದುಕ ಯಾಕೆ ಸಿಗುವುದಿಲ್ಲ ಎಂದು ಯಾವ ಚಿತ್ರವೂ ಹೇಳಲಿಲ್ಲ. ಉಂಗುರ ಸಿಕ್ಕ ನಾಯಕಿ ಗಿಳಿಯಾಗಿದ್ದ ರಾಜಕುಮಾರನನ್ನು ಮತ್ತೆ ಮನುಷ್ಯನನ್ನಾಗಿ ಮಾಡುತ್ತಾಳೆ, ಅವನ ರಾಜ್ಯ ಅವನಿಗೆ ಕೊಡಿಸುತ್ತಾಳೆ, ಕೊನೆಯ ರೀಲಿನಲ್ಲಿ ಉಂಗುರ ಬಿಚ್ಚಿ ಅವನ ಕೈಗಿಟ್ಟು ತಾಳಿ ಕಟ್ಟಿಸಿಕೊಳ್ಳುತ್ತಾಳೆ. ಶಕ್ತಿಯನ್ನು ತನ್ನ ಸ್ವಂತ ಕೆಲಸಕ್ಕೆ ಬಳಸಿಕೊಂಡ ನಾಯಕಿಯನ್ನು ನಾನು ಒಬ್ಬಳನ್ನೂ ನೋಡಲಿಲ್ಲ.

ನಮ್ಮ ಊರು ಮೇಲೂರಿಗೆ ನಡೆದು ಹೋಗುವಷ್ಟು ಹತ್ತಿರ. ಅಮ್ಮ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದಳು. ಮನೆಯಲ್ಲಿ ಅಪ್ಪ, ಅಪ್ಪನ ತಾಯಿಯಾದ ಅಜ್ಜಿ, ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಬಂದಿದ್ದ ಅಪ್ಪನ ಅಕ್ಕ, ಮತ್ತು ನಾನು. ಅಪ್ಪನ ಅಕ್ಕ ನನಗೆ ಅತ್ತೆ. ಸುತ್ತಿನ ಎಲ್ಲರ ಹಾಗೆ ನಾವೂ ರೇಷ್ಮೆ ಹುಳ ಸಾಕುತ್ತಿದ್ದೆವು. ಮೊಟ್ಟೆ ಒಡೆದ ದಿನ ಮರಿಗಳನ್ನು ಕೋಳಿಗರಿಯಿಂದ ಸವರಿ ಬಿದಿರಿನ ತಟ್ಟೆಗೆ ಇಳಿಸಿ, ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು ಉದುರಿಸಬೇಕು. ಇದಕ್ಕೆ ಚಾಕಿ ಕಟ್ಟುವುದು ಅನ್ನುತ್ತಾರೆ. ಚಾಕಿ ಕಟ್ಟಿದವಳ ಕೈಗುಣ ಚೆನ್ನಾಗಿದ್ದರೆ ತಿಂಗಳ ಕೊನೆಗೆ ಗೂಡು ಚೆನ್ನಾಗಿ ಬರುತ್ತದೆ ಎಂದು ನಂಬಿಕೆ. ವಿಧವೆಯ ಕೈ ಆಗುವುದಿಲ್ಲ. ಅತ್ತೆ ಸೊಪ್ಪು ಕುಯ್ಯಬಹುದು, ಹೊರಬಹುದು, ಹೆಚ್ಚಬಹುದು. ಆದರೆ ಹುಳ ಮೊದಲ ಸಲ ಪೊರೆ ಬಿಡುವವರೆಗೆ, ಅಂದರೆ ನಾಲ್ಕೈದು ದಿನ, ಹುಳದ ಮನೆಯ ಹೊಸಲು ದಾಟುವ ಹಾಗಿಲ್ಲ.

ಅಧಿಕೃತ ಕೈ ಅಜ್ಜಿಯದು. ತಾತ ಎಂದೋ ಮನೆ ಬಿಟ್ಟು ಹೋಗಿದ್ದ, ಸತ್ತ ಸುದ್ದಿ ಬಂದಿರಲಿಲ್ಲ, ಆದ್ದರಿಂದ ಅವಳು ಮುತ್ತೈದೆ. ಅವಳು ಕೊಟ್ಟಿಗೆಯಲ್ಲಿ ಸಗಣಿ ಬಾಚಿ, ಸೆರಗಿಗೆ ಕೈ ಒರೆಸಿಕೊಂಡು ನೇರವಾಗಿ ಹುಳದ ಮನೆಗೆ ಹೋಗುತ್ತಿದ್ದಳು. ಹುಳಗಳು ಬೆಳೆದು ದಪ್ಪಗಾಗಿ, ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಹಾಲುತೊಂಡೆ ರೋಗ ಬಂದು ಹಾಲಿನಂಥ ನೀರು ಸೋರಿ ಸಾಯುತ್ತಿದ್ದವು. ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. "ಹೊಸಲ ಹತ್ರ ನಿಂತಿದ್ಯೇನೇ? ನಿನ್ನ ನೆರಳು ಬಿತ್ತು, ನೋಡು" ಎಂದು ಅಜ್ಜಿ ಅತ್ತೆಗೆ ಹೇಳುತ್ತಿದ್ದಳು. ಅತ್ತೆಯ ನೆರಳಿಗೆ ನಮ್ಮ ಮನೆಯಲ್ಲಿ ಅತ್ತೆಗಿಂತ ಹೆಚ್ಚು ಗಮನ ಇತ್ತು.

ಒಂದು ಸಲ ರೇಷ್ಮೆ ಇಲಾಖೆಯ ಡೆಮಾನ್‌ಸ್ಟ್ರೇಟರ್ ಒಬ್ಬರು ಸೈಕಲ್ಲಿನಲ್ಲಿ ಬಂದರು. ಸೋಪಿನಿಂದ ಕೈ ತೊಳೆಯಿರಿ, ಸೊರಗಿದ ಹುಳ ಕಂಡರೆ ಆರಿಸಿ ಸುಣ್ಣದಲ್ಲಿ ಹಾಕಿ, ತಟ್ಟೆಗಳನ್ನು ಬಿಸಿಲಿಗಿಡಿ ಎಂದು ಜಗಲಿಯಲ್ಲಿ ಕೂತು ವಿವರವಾಗಿ ಹೇಳಿದರು. ಗಂಡಸರು ಮಜ್ಜಿಗೆ ಕೊಟ್ಟು ಕಳಿಸಿದರು. ಸೈಕಲ್ಲು ತಿರುವು ದಾಟುವ ಮುಂಚೆಯೇ ನಕ್ಕರು. ಬಾಗಿಲ ಹಿಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡವಳು ಅತ್ತೆ.

ಆಮೇಲೆ ಅಜ್ಜಿಯ ಕಣ್ಣಿಗೆ ಪೊರೆ ಬಂತು. ಮರಿಹುಳ ಇರುವೆಗಿಂತ ಸಣ್ಣದು. ಅವಳಿಗೆ ಕಾಣದಾದಾಗ ಮನೆಯಲ್ಲಿ ಉಳಿದ ಶುಭದ ಕೈ ನನ್ನದೊಂದೇ. ಆ ಬೆಳಿಗ್ಗೆ ಅತ್ತೆ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಮೊಣಕೈವರೆಗೆ ಸೋಪು ಹಚ್ಚಿದಳು.

"ಏನತ್ತೆ ಇದು, ಹುಳಕ್ಕೆ ಸೊಪ್ಪು ಹಾಕಕ್ಕೂ ಸೋಪಾ?"

"ಬಾಯ್ಮುಚ್ಕೊಂಡು ತೊಳ್ಕೊಳೇ. ಉಗುರಲ್ಲಿ ಅರ್ಧ ಊರು ಇಟ್ಕೊಂಡಿದೀಯ."

ಆಮೇಲೆ ಅವಳು ಹೊರಗೆ, ಕಿಟಕಿಯ ಹತ್ತಿರ ನಿಂತಳು. "ಆ ಮೂಲೇಲಿ ಹಿಂದೆ ಬಿದ್ದಿದಾವಲ್ಲ, ಸೊರಗಿರೋವು, ತೆಗಿ. ಕನಿಕರ ಪಡಬೇಡ, ತೆಗಿ" ಎಂದು ಪಿಸುಗುಟ್ಟುತ್ತಿದ್ದಳು. ಐದು ದಿನ ಹೀಗೆ ನಡೆಯಿತು. ತಿಂಗಳ ಕೊನೆಗೆ ಚಂದ್ರಿಕೆ ಎಂದು ಕರೆಯುವ ಬಿದಿರಿನ ಚಾಪೆಗಳ ತುಂಬ ಹಳದಿ ಗೂಡು ಕಟ್ಟಿತ್ತು. ಅಜ್ಜಿ ಕೈಯಿಂದ ಸವರಿ ನೋಡಿ, ನನ್ನನ್ನು ಕರೆದು, ನನ್ನ ಬಲಗೈಯನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು. ಶಕ್ತಿ ಬಂದದ್ದು ಹೀಗೆ. ಕಾಡು ಇರಲಿಲ್ಲ, ಗಡ್ಡದವನೂ ಇರಲಿಲ್ಲ.

ಶಕ್ತಿ ಬಂದ ಮೇಲೆ ನನಗೆ ಸಿಕ್ಕ ಸವಲತ್ತುಗಳು ಇಷ್ಟು: ಜಗಳ ಆಡಬಾರದು, ಕೈ ಬಿಸಿಯಾಗುತ್ತದೆ. ಮೆಣಸಿನಕಾಯಿ ಮುಟ್ಟಬಾರದು. ಚಾಕಿ ಕಟ್ಟುವ ದಿನಗಳಲ್ಲಿ ಸ್ಕೂಲಿಗೆ ಹೋಗಬಾರದು. ಬೇರೆಯವರ ಮನೆಗೂ ನನ್ನನ್ನು ಗಾಡಿ ಕಟ್ಟಿ ಕರೆದೊಯ್ಯುತ್ತಿದ್ದರು. ಮುರುಗಮಲ್ಲದ ಕಡೆಯಿಂದ ಬಂದಿದ್ದ ಒಬ್ಬ ಹೆಂಗಸು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿದು ನೋಡಿ, "ಬಂಗಾರು ಚೇಯಿ ಕಣಮ್ಮ ನಿಂದು" ಅಂದಳು, ಬಂಗಾರದ ಕೈ ಎಂದು. ಅಲ್ಲಿ ಬೆಳೆ ಬಂದರೆ ನನ್ನ ಕೈಗುಣ. ಕೆಟ್ಟರೆ ಅವರ ಮನೆಯ ದೋಷ. ಇಷ್ಟು ಭದ್ರವಾದ ಉದ್ಯೋಗ ನನಗೆ ಮುಂದೆ ಎಂದೂ ಸಿಗಲಿಲ್ಲ.

ಒಮ್ಮೆ ನಿಜ ಹೇಳಿದೆ. "ಅಪ್ಪ, ಅದು ಕೈಯಿಂದ ಅಲ್ಲ, ಸೋಪಿಂದ."

"ಸೋಪು ಎಲ್ಲರ ಮನೇಲೂ ಐತೆ ಕಣಮ್ಮ," ಅಂದ ಅಪ್ಪ. "ನಿನ್ನ ಕೈ ಐತಾ?"

ಎಂಟನೇ ಕ್ಲಾಸಿಗೆ ಬರುವ ಹೊತ್ತಿಗೆ ನನಗೆ ಒಂದೇ ಆಸೆ ಇತ್ತು: ಶಿಡ್ಲಘಟ್ಟದ ಹೈಸ್ಕೂಲು. ಆ ವರ್ಷದ ಪಬ್ಲಿಕ್ ಪರೀಕ್ಷೆ ಪಾಸಾದರೆ ಸೇರಬಹುದಿತ್ತು. ಮನೆಯಲ್ಲಿ ಮಾತೆತ್ತಿದಾಗ ಅಜ್ಜಿ ಕೇಳಿದಳು, "ಹೈಸ್ಕೂಲು ಓದಿ ಹುಳಕ್ಕೆ ಪಾಠ ಹೇಳ್ತೀಯೇನೇ?"

ಅಪ್ಪ ಚಿಟ್ಟೆ ಮೊಟ್ಟೆ ಇಟ್ಟಿದ್ದ ಹಾಳೆಯ ದಿನ ಲೆಕ್ಕ ಹಾಕಿದ. ಮೊಟ್ಟೆ ಒಡೆಯುವುದು ಪರೀಕ್ಷೆ ಮುಗಿದ ಮೇಲೆ ಎಂದು ಖಾತ್ರಿ ಮಾಡಿಕೊಂಡು, "ಬರ್ದು ಬಾ, ಬೇಡ ಅನ್ನಲ್ಲ. ಹೈಸ್ಕೂಲಿನ ಮಾತು ಮಾತ್ರ ಎತ್ತಬೇಡ. ನೀನು ದಿನಾ ಬಸ್ಸು ಹತ್ತಿದ್ರೆ ಚಾಕಿ ಯಾರು ಕಟ್ತಾರೆ?" ಅಂದ.

ಅತ್ತೆಯ ಜೊತೆ ಸೊಪ್ಪು ಹೆಚ್ಚುತ್ತ ನಾನು ಸಿನಿಮಾ ಕಥೆಗಳನ್ನು ಹೇಳುತ್ತಿದ್ದೆ. ವಿಧವೆ ಟೆಂಟಿಗೆ ಹೋಗುವಂತಿರಲಿಲ್ಲ. ಚೊಂಬು ನೀರಿಗೆ ಉಂಗುರ ಕೊಟ್ಟ ಮುದುಕನ ಕಥೆ ಕೇಳಿ ಅವಳು ಕತ್ತಿ ನಿಲ್ಲಿಸಿದಳು.

"ಅಷ್ಟೆಲ್ಲಾ ಮಂತ್ರ ಬರೋನಿಗೆ ಒಂದು ಚೊಂಬು ನೀರು ತರಿಸ್ಕೊಳ್ಳಕ್ಕೆ ಬರ್ತಿರಲಿಲ್ವೇನೇ?"

"ಅದು ಪರೀಕ್ಷೆ ಮಾಡೋದು ಅತ್ತೆ."

"ಓಹೋ. ಹೆಣ್ಣುಮಕ್ಕಳಿಗೆ ಪರೀಕ್ಷೆ ಇಡೋರಿಗೇನು ಬರ."

ಪರೀಕ್ಷೆಗೆ ಶಿಡ್ಲಘಟ್ಟದ ನೆಂಟರ ಮನೆಯಲ್ಲಿ ಐದು ದಿನ ಇದ್ದೆ. ವಾಪಸು ಬಂದು ಬಸ್ಸಿನಿಂದ ಇಳಿದಾಗ ಅತ್ತೆ ಸೊಪ್ಪಿನ ತೋಟದಲ್ಲಿದ್ದಳು. ಮನೆಗೆ ಹೋಗಲು ಬಿಡದೆ ಅಲ್ಲೇ ನಿಲ್ಲಿಸಿ ನಡೆದದ್ದನ್ನು ಹೇಳಿದಳು.

ಬಿಸಿಲಿನ ಝಳಕ್ಕೆ ಮೊಟ್ಟೆ ಬೇಗ ಒಡೆದಿತ್ತು, ನನ್ನ ಮೊದಲ ಪರೀಕ್ಷೆಯ ದಿನವೇ. ಅಪ್ಪ ಚಂದ್ರಿಕೆ ಕೊಳ್ಳಲು ಚಿಂತಾಮಣಿಗೆ ಹೋಗಿದ್ದ. ಅಜ್ಜಿ ಹಾಳೆಯ ಮೇಲೆ ಬೆರಳಿಟ್ಟು ಮರಿ ಹರಿದಾಡುವುದನ್ನು ತಿಳಿದುಕೊಂಡಳು. ಸೊಪ್ಪು ಬೀಳದಿದ್ದರೆ ಸಾಯುತ್ತವೆ. ಬಹಳ ಹೊತ್ತು ಹೊಸಲ ಮೇಲೆ ಕೂತಿದ್ದಳಂತೆ. ಕೊನೆಗೆ ಅತ್ತೆಯ ಕಡೆ ಮುಖ ತಿರುಗಿಸದೆ ಹೇಳಿದಳಂತೆ: "ಕೈ ತೊಳ್ಕೋ. ಸೋಪಲ್ಲಿ."

"ಸೋಪಲ್ಲಿ ಅಂದ್ರಾ?" ಎಂದು ಕೇಳಿದೆ.

"ಸೋಪಲ್ಲಿ ಅಂದ್ರು."

ಅಂದರೆ ಅಜ್ಜಿಗೆ ಮೊದಲಿನಿಂದಲೂ ಗೊತ್ತಿತ್ತು. ಎರಡು ವರ್ಷ ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಾಗಲೆಲ್ಲ ಸೋಪಿನ ವಾಸನೆ ಅವಳ ಮೂಗಿಗೆ ಬಿದ್ದಿರಲೇಬೇಕು.

ಸಂಜೆ ಅಪ್ಪ ಬಂದಾಗ ಅಜ್ಜಿ ತಡವರಿಸಲಿಲ್ಲ. ಹುಡುಗಿ ಬಸ್ಸು ಹತ್ತುವ ಮುಂಚೆ ಸೊಪ್ಪು ಮುಟ್ಟಿ ಇಟ್ಟು ಹೋಗಿದ್ದಳು, ಅದನ್ನೇ ಎತ್ತಿ ಉದುರಿಸಿದೆ ಅಂದಳು. ಮರಿಹುಳ ಕಾಣದ ಕಣ್ಣಿಂದ ಹೇಗೆ ಉದುರಿಸಿದೆ ಎಂದು ಅಪ್ಪ ಕೇಳಲಿಲ್ಲ. ಐದು ದಿನವೂ ಅತ್ತೆ ಒಳಗೆ ಕೆಲಸ ಮಾಡಿದಳು, ಅಜ್ಜಿ ಬಾಗಿಲಲ್ಲಿ ಕಾವಲು ಕೂತಳು.

ಆ ಬೆಳೆ ಅದುವರೆಗಿನ ಎಲ್ಲ ಬೆಳೆಗಿಂತ ಚೆನ್ನಾಗಿ ಬಂತು. ಗೂಡು ಬಿಡಿಸುವ ದಿನ ಅಪ್ಪ ಬಂದವರಿಗೆಲ್ಲ ಹೇಳಿದ: "ಮುಟ್ಟಿದ ಸೊಪ್ಪಷ್ಟೇ ಸಾಕಾಯ್ತು. ಹುಡುಗಿ ಶಿಡ್ಲಘಟ್ಟದಲ್ಲಿ ಕೂತು ಪರೀಕ್ಷೆ ಬರೀತಿದ್ಲು, ಕೈಗುಣ ಇಲ್ಲಿ ನಡೀತಿತ್ತು!" ಕಳವಾರದಿಂದ ಬಂದಿದ್ದ ನೆಂಟನೊಬ್ಬ, ಹಾಗಾದರೆ ಒಂದು ಗಂಟು ಸೊಪ್ಪು ಮುಟ್ಟಿಸಿಕೊಂಡು ಹೋಗಲೇ ಎಂದು ವಿಚಾರಿಸಿದ.

ನಿಜ ಹೇಳಬೇಕೆಂದು ಹಿಂದಿನ ದಿನ ಅತ್ತೆಗೆ ಹೇಳಿದ್ದೆ. ಅವಳು ಹುಲ್ಲು ಹಾಕುತ್ತಿದ್ದವಳು ತಿರುಗಿ ಕೂಡ ನೋಡಲಿಲ್ಲ. "ಹೇಳು. ನಿನ್ನನ್ನ ಹುಳದ ಮನೇಲಿ ಕೂರಿಸ್ತಾರೆ, ನನ್ನನ್ನ ಕೊಟ್ಟಿಗೇಲಿ. ಪಾಸಾಗಿದೀಯ ಅಂತ ಮೇಷ್ಟ್ರು ಹೇಳಿ ಕಳಿಸಿದಾರೆ. ಯಾವುದು ಬೇಕು ನೋಡ್ಕೋ."

ನೋಡಿಕೊಂಡೆ. ನೆಂಟರೆಲ್ಲ ಇರುವಾಗಲೇ ಅಪ್ಪನ ಮುಂದೆ ಹೋಗಿ ನಿಂತೆ. "ಅಪ್ಪ, ಮುಟ್ಟಿದ್ರೆ ಸಾಕು ಅಂದ್ರೆ ಬೆಳಿಗ್ಗೆ ಮುಟ್ಟಿ ಬಸ್ಸು ಹತ್ತುತೀನಿ. ಹೈಸ್ಕೂಲಿಗೆ ಸೇರಿಸು."

ಈಗಷ್ಟೇ ಹತ್ತು ಜನರ ಮುಂದೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿರಲಿಲ್ಲ. ಅಪ್ಪ ಅಜ್ಜಿಯ ಕಡೆ ನೋಡಿದ.

"ಕಳ್ಸು," ಅಂದಳು ಅಜ್ಜಿ. "ಕೈ ಎಲ್ಲಿಗೆ ಹೋಗುತ್ತೆ? ಅವಳ ಜೊತೇಲೇ ಇರುತ್ತಲ್ಲ." ಅತ್ತೆ ಒಳಗಿನಿಂದ ಮಜ್ಜಿಗೆ ತಂದು ನೆಂಟರಿಗೆ ಕೊಟ್ಟಳು. ಯಾರೂ ಅವಳ ಕೈ ನೋಡಲಿಲ್ಲ.

ಹೈಸ್ಕೂಲಿನ ವರ್ಷಗಳಲ್ಲಿ ಚಾಕಿಯ ದಿನಗಳು ಹೀಗೆ ನಡೆದವು. ಬೆಳಿಗ್ಗೆ ನಾನು ಸ್ನಾನ ಮಾಡಿ, ಅಪ್ಪ ನೋಡುತ್ತಿರುವಾಗ ಸೊಪ್ಪಿನ ಬುಟ್ಟಿ ಮುಟ್ಟುತ್ತಿದ್ದೆ. ಅಪ್ಪ ಹೊಲಕ್ಕೆ ಹೋಗುತ್ತಿದ್ದ, ನಾನು ಬಸ್ಸಿಗೆ. ಅಜ್ಜಿ ಬಾಗಿಲಲ್ಲಿ ಕೂರುತ್ತಿದ್ದಳು, ಅತ್ತೆ ಒಳಗೆ ಹೋಗುತ್ತಿದ್ದಳು. ಅಜ್ಜಿ ಅವಳ ನೆರಳಿನ ಮಾತು ಮತ್ತೆ ಎತ್ತಲಿಲ್ಲ. ಅವಳ ಕೈಯ ಮಾತನ್ನೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಟೆಂಟಿನ ನಾಯಕಿಯರು ಬಿಟ್ಟಿದ್ದ ಕೆಲಸವನ್ನು ನಾನು ಮಾಡಿದ್ದೆ, ಶಕ್ತಿಯನ್ನು ಸ್ವಂತಕ್ಕೆ ಬಳಸಿಕೊಂಡಿದ್ದೆ. ಶಕ್ತಿ ಬೇರೆಯವಳದಾಗಿತ್ತು, ಅಷ್ಟೇ.

ಎರಡನೇ ವರ್ಷದ ಒಂದು ಬೆಳಿಗ್ಗೆ ಬುಟ್ಟಿ ಮುಟ್ಟಿ ಹೊರಟಿದ್ದೆ. ಅತ್ತೆ ಹಿತ್ತಲ ಬಾಗಿಲಿಂದ ಬಂದು ಪುಸ್ತಕದ ಚೀಲ ಹಿಡಿದು ನಿಲ್ಲಿಸಿದಳು. ಅವಳ ಅಂಗೈಯಲ್ಲಿ ಬಿಲ್ಲೆಯಷ್ಟು ತೆಳ್ಳಗಾದ ಸೋಪಿನ ಚೂರಿತ್ತು.

"ಬರ್ತಾ ಒಂದು ಸೋಪು ತಗೊಂಡು ಬಾರೇ," ಅಂದಳು. "ನಿನ್ನ ಕೈಗುಣ ಸವೆದು ಹೋಗ್ತಾ ಐತೆ."