ಮೂರು ತುಂಬುವ ತನಕ

ಮೊನ್ನೆ ಪಕ್ಕದ ಮನೆಯವರು ಮೊಮ್ಮಗುವಿಗೆ ದೃಷ್ಟಿ ತೆಗೆದು ಉಪ್ಪು, ಮೆಣಸಿನಕಾಯಿಯನ್ನು ಕೆಂಡಕ್ಕೆ ಹಾಕಿದರು. ಘಾಟು ನಮ್ಮ ಅಡುಗೆಮನೆಯವರೆಗೂ ಬಂತು. ಕೆಮ್ಮುತ್ತಾ ಕಿಟಕಿ ಮುಚ್ಚಲು ಹೋದವಳು ಹಾಗೆಯೇ ನಿಂತುಬಿಟ್ಟೆ. ಮೈಲಾಪೂರಿನ ಹಳೆಯ ಮನೆಯಲ್ಲಿ ಮೇಲಿನ ಮಹಡಿಯಿಂದ ಇದೇ ಘಾಟು ಇಳಿದು ಬರುತ್ತಿತ್ತು. ಅಲ್ಲಿ ದೃಷ್ಟಿ ತೆಗೆಸಿಕೊಳ್ಳುತ್ತಿದ್ದದ್ದು ಮಗುವಲ್ಲ, ಮಗುವಿಗಾಗಿ ಹಂಬಲಿಸುತ್ತಿದ್ದ ಮಹಡಿಮನೆಯ ಅಕ್ಕ...

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಅಕ್ಕನ ಗಂಡ ರೈಲ್ವೆಯಲ್ಲಿ ಗಾರ್ಡ್, ಡ್ಯೂಟಿಗೆ ಹೋದರೆ ಮಾರನೆಯ ದಿನವೇ ಮನೆಗೆ ಬರುವುದು. ತುಮಕೂರಿನ ಕಡೆಯಿಂದ ಬಂದ ಅಕ್ಕನಿಗೆ ತಮಿಳು ಕೊನೆಗೂ ಒಗ್ಗಲಿಲ್ಲ. ನಾನು ಮನೆಮಾತು ಕನ್ನಡವಾದರೂ ಈ ತಮಿಳು ಊರಲ್ಲೇ ಹುಟ್ಟಿ ಬೆಳೆದವಳು, ವಿಮಾ ಕಚೇರಿಯಲ್ಲಿ ಕೆಲಸ, ಬಾಯಿ ಸ್ವಲ್ಪ ಜೋರು. ತರಕಾರಿಯವನಿಂದ ಹಿಡಿದು ಡಾಕ್ಟರವರೆಗೆ ಅವರ ಪರವಾಗಿ ಮಾತಾಡುವುದು ನನ್ನ ಪಾಲಿಗೆ ಬಂತು.

ಅಕ್ಕನಿಗೆ ಬಸಿರು ನಿಲ್ಲುತ್ತಿರಲಿಲ್ಲ. ಮೂರು ತಿಂಗಳು ತುಂಬುವ ಮೊದಲೇ ಇಳಿದುಹೋಗುತ್ತಿತ್ತು. ಮೊದಲನೆಯದು ಹೋದಾಗ, ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇ ತಪ್ಪಾಯಿತು ಎಂದರು ಅಕ್ಕನ ಅತ್ತೆ. ಮೂರು ತುಂಬುವ ತನಕ ಬಾಯಿ ಬಿಡಬಾರದಂತೆ, ಕಣ್ಣು ಬೀಳುತ್ತದಂತೆ. ಎರಡನೆಯ ಸಲ ತವರಿಗೆ ಮಾತ್ರ ಹೇಳಿದರು. ಅದು ಹೋದಾಗ ತವರಿನವರ ಕಣ್ಣು ಎಂದಾಯಿತು. ಮೂರನೆಯ ಸಲ ಅತ್ತೆಗೆ ಮಾತ್ರ. ನಾಲ್ಕನೆಯದು ಗಂಡನಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅದೂ ಉಳಿಯದಿದ್ದಾಗ ಅಕ್ಕ ಸ್ವಲ್ಪ ದಿನ ನನ್ನ ಮುಖ ನೋಡದೆ ಮೆಟ್ಟಿಲು ಇಳಿಯುತ್ತಿದ್ದರು. ನನಗೆ ಕೆಟ್ಟ ಕೋಪ ಬಂತು. ಒಳಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಕೊನೆಗೆ ಕೋಪ ನುಂಗಿಕೊಂಡು, ನಾನೇ ಹಟ ಹಿಡಿದು ಅವರನ್ನು ದೊಡ್ಡ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ರಕ್ತಪರೀಕ್ಷೆ ಮಾಡಿಸಿದರು, ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ ಮಾಡಿಸಿದರು. ಅಕ್ಕನ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣವಿತ್ತು. ಮಾಸಿನ ಸಣ್ಣ ನಾಳಗಳು ಕಟ್ಟಿಕೊಂಡು ಮಗುವಿಗೆ ರಕ್ತ ಸೇರುತ್ತಿರಲಿಲ್ಲ. ಅದಕ್ಕೆ ಔಷಧಿಯೂ ಇತ್ತು: ದಿನಾ ಒಂದು ಚಿಕ್ಕ ಮಾತ್ರೆ, ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್. ಆದರೆ ಬಸಿರಿನ ಶುರುವಿನಲ್ಲೇ ಆರಂಭಿಸಬೇಕಿತ್ತು.

"ನಾಳ್ ತಳ್ಳಿಪ್ಪೋನಾ ಉಡನೇ ವಾಂಗಮ್ಮ," ಎಂದರು ಡಾಕ್ಟರ್. ಮುಟ್ಟು ತಪ್ಪಿದ ಕೂಡಲೇ ಬರಬೇಕಂತೆ ಎಂದು ನಾನು ಕನ್ನಡದಲ್ಲಿ ಒತ್ತಿ ಒತ್ತಿ ಹೇಳಿದೆ. ಅಕ್ಕ ತಲೆಯಾಡಿಸಿದರು. ಆಟೋದಲ್ಲಿ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು.

"ಹಾಗಾದ್ರೆ ಯಾರ ಕಣ್ಣೂ ಅಲ್ವೇನಮ್ಮ?"

"ಯಾರ ಕಣ್ಣೂ ಅಲ್ಲ ಅಕ್ಕ. ರಕ್ತದ ತೊಂದರೆ ಅಷ್ಟೇ."

ನಂಬಿದರೆಂದೇ ತಿಳಿದೆ...

ಅವರ ಮನೆಯಲ್ಲಿ ತಿಂಗಳ ಮುಟ್ಟಿಗೆ ಹೊರಗೆ ಕೂರುವ ಪದ್ಧತಿಯಿತ್ತು. ಆ ಮೂರು ದಿನ ಅಕ್ಕ ಒಲೆ ಮುಟ್ಟದೆ, ಹಿಂದಿನ ಕೋಣೆಯಲ್ಲಿ ಚಾಪೆ ಹಾಕಿಕೊಂಡು ಕೂರುತ್ತಿದ್ದರು. ಊಟ ನಮ್ಮ ಮನೆಯಿಂದ ಹೋಗುತ್ತಿತ್ತು. ಆ ವರ್ಷದ ಮಳೆಗಾಲದಲ್ಲಿ ನಾನು ಎರಡು ತಿಂಗಳೂ ತಟ್ಟೆ ಹಿಡಿದು ಮಹಡಿ ಹತ್ತಿದೆ. ದೂರದಿಂದಲೇ ಇಟ್ಟು, ಪಾಪ ಈ ತಿಂಗಳೂ ಇಲ್ಲ ಎಂದು ಮರುಗುತ್ತಾ ಇಳಿದು ಬಂದೆ. ಅಕ್ಕ ಮುಟ್ಟಾಗಿರಲೇ ಇಲ್ಲ. ಹೊಟ್ಟೆಯಲ್ಲಿ ಮಗುವನ್ನಿಟ್ಟುಕೊಂಡು, ಯಾರಿಗೂ ಅನುಮಾನ ಬಾರದಿರಲೆಂದು ಆ ಚಾಪೆಯ ಮೇಲೆ ಕೂತಿದ್ದರು. ಗಂಡನಿಗೂ ಹೇಳಿರಲಿಲ್ಲ, ನನಗೂ ಇಲ್ಲ. ಡಾಕ್ಟರಿಗೆ ಹೇಳಿದರೂ ಹೇಳಿದಂತೆಯೇ ಅಲ್ಲವೇ? ಮೂರು ತುಂಬಿದ ಮರುದಿನ ಓಡಿಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳುವುದು ಎಂದುಕೊಂಡಿದ್ದರಂತೆ.

ತುಂಬಲಿಲ್ಲ.

ಯಾಕೆ ಮೊದಲೇ ಬರಲಿಲ್ಲ ಎಂದು ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು. ಕಾರಣವನ್ನು ತಮಿಳಿನಲ್ಲಿ ಹೇಳಲು ನನ್ನ ಜೋರು ಬಾಯಿಗೂ ಆಗಲಿಲ್ಲ. ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದ್ದರು.

"ಹೇಳಿದ್ರೂ ಹೋಯ್ತು, ಹೇಳ್ದೇ ಇದ್ರೂ ಹೋಯ್ತು. ಇನ್ನೇನ್ ಮಾಡ್ಬೇಕಿತ್ತಮ್ಮ ನಾನು?"

ಬೈಯಬೇಕೆಂದೇ ಹೋಗಿದ್ದವಳು ಅವರ ಕಾಲು ಒತ್ತುತ್ತಾ ಕೂತೆ. ಕಾಲು ತಣ್ಣಗಿತ್ತು.

ಇನ್ನೊಮ್ಮೆ ನೋಡೋಣ, ಈ ಸಲ ಮೊದಲೇ ಬನ್ನಿ ಎಂದರು ಡಾಕ್ಟರ್. ಅಕ್ಕನ ಗಂಡ ಕೈಮುಗಿದು, ಇವಳು ಉಳಿದರೆ ಸಾಕು ಎಂದುಬಿಟ್ಟರು. ಮುಂದಿನ ವರ್ಷ ವರ್ಗ ಮಾಡಿಸಿಕೊಂಡು ಮೈಸೂರಿಗೆ ಹೋದರು. ಮೊದಮೊದಲು ಹಬ್ಬಕ್ಕೆ ಫೋನ್ ಬರುತ್ತಿತ್ತು. ಆಮೇಲೆ ಅದೂ ನಿಂತಿತು...

ಕೆಲವು ವರ್ಷಗಳ ನಂತರ ನಮ್ಮ ಆಫೀಸಿನ ಹುಡುಗಿಯೊಬ್ಬಳು ಅಂಥದೇ ತೊಂದರೆಗೆ ಅದೇ ಇಂಜೆಕ್ಷನ್ ತೆಗೆದುಕೊಂಡು ಹೆತ್ತಳು. ಆಫೀಸಿಗೆಲ್ಲ ಪೇಡ ಹಂಚಿದರು. ಎಲ್ಲರೂ ನಗುತ್ತಿದ್ದರು. ನಾನು ನನ್ನ ಪಾಲಿನದನ್ನು ಬಾಯಿಗೆ ಹಾಕಲಾರದೆ, ಅದು ಕರಗಿ ಕೈಗೆ ಅಂಟುವ ತನಕ ಹಿಡಿದುಕೊಂಡೇ ಕೂತಿದ್ದೆ.

ಈಗ ಅಕ್ಕ ಇಲ್ಲ. ಹೋದ ವರ್ಷ ಅವರ ಗಂಡ ಯಾರಿಂದಲೋ ನನ್ನ ನಂಬರ್ ಪಡೆದು ಫೋನ್ ಮಾಡಿದ್ದರು. ಅಕ್ಕ ತೀರಿಕೊಂಡು ಆಗಲೇ ತಿಂಗಳಾಗಿತ್ತು. ಕಾಯಿಲೆ ಏನೆಂದು ಕೇಳಿದೆ, ಎಲ್ಲಿ ಎಂದು ಕೇಳಿದೆ. ಕೊಳ್ಳಿ ಇಟ್ಟವರು ಯಾರು ಎಂದು ಕೇಳಲು ಮಾತ್ರ ನಾಲಿಗೆ ಏಳಲಿಲ್ಲ. ಅವರಿಗೆ ಗೊತ್ತಾಯಿತೇನೋ. ಅವರೇ ಹೇಳಿದರು.

"ಎಲ್ಲಾ ನಾನೇ ಮಾಡ್ದೆ ಕಣಮ್ಮ. ಬೇರೆ ಯಾರಿದ್ರು?"