ವಿಮಾನದ ಮೂತಿಗೊಂದು ನಿಂಬೆಹಣ್ಣು

ವಿಮಾನಗಳೆಂದರೆ ನನಗೆ ಹುಚ್ಚು. ಮುದ್ದೇಬಿಹಾಳದ ನಮ್ಮ ಮನೆಯ ಕಪಾಟಿನಲ್ಲಿ ಪಾತ್ರೆಗಳಿಗಿಂತ ವಿಮಾನದ ಪುಟ್ಟ ಮಾದರಿಗಳೇ ಹೆಚ್ಚು. ಗೋಡೆಗೊಂದು ದೊಡ್ಡ ಚಿತ್ರವೂ ಬೇಕೆನಿಸಿ, ಹೋದ ವರ್ಷ ತಾಳಿಕೋಟೆಯ ಪೇಂಟರನಿಗೆ ಫೋಟೋ ಕೊಟ್ಟು ಬರೆಯಲು ಹೇಳಿದೆ. ಅವನು ಟ್ರ್ಯಾಕ್ಟರ್ ಟ್ರಾಲಿಗಳ ಮೇಲೆ ಹೆಸರು, ಹೂಬಳ್ಳಿ ಬರೆಯುವವನು. ರೆಕ್ಕೆ, ಕಿಟಕಿ, ಮೋಡ ಎಲ್ಲವೂ ಫೋಟೋದಂತೆಯೇ ಬಂದಿದ್ದವು. ಆದರೆ ಮೂತಿಯ ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದಂತೆ ಬರೆದುಬಿಟ್ಟಿದ್ದ!

ನನ್ನ ಪಿತ್ತ ನೆತ್ತಿಗೇರಿತು. "ಇದನ್ನೂ ಟ್ರ್ಯಾಕ್ಟರ್ ಅಂತ ತಿಳ್ದೀಯೇನು? ಅಳಸು!" ಎಂದೆ.

"ಹೊಸಾ ಗಾಡಿ ಹಂಗ ಬಿಡಬಾರದ್ರಿ," ಎಂದ. ನಾನು ಕೇಳಲಿಲ್ಲ. ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದ. ಹಣ್ಣು ಹೋಯಿತು, ಬಣ್ಣಗಳು ಕಲೆತು ಅಲ್ಲೊಂದು ಕಪ್ಪು ಕಲೆ ಉಳಿಯಿತು.

ಇಂದು ಮುಂಜಾನೆ ನನ್ನ ಹೆಂಡತಿ ದೆಹಲಿಯಲ್ಲಿರುವ ತನ್ನ ತಂಗಿಯ ಮನೆಗೆ ಹೊರಟಳು. ವಿಮಾನ ಹತ್ತುವುದು ಇದೇ ಮೊದಲು. ಬ್ಯಾಗು ಹಿಡಿದು ಚಿತ್ರದ ಮುಂದೆ ನಿಂತು ಕೇಳಿದಳು: "ಇದರಿಂದ ಹೊಗಿ ಯಾಕ ಬರಾಕತ್ತೈತ್ರಿ?"

"ಬಣ್ಣದ ಕಲಿ ಅದು, ನಡಿ," ಎಂದು ನಕ್ಕೆ.

ಅವಳನ್ನು ಹುಬ್ಬಳ್ಳಿ ಬಸ್ಸಿಗೆ ಹತ್ತಿಸಿ ಬಂದು ಮತ್ತೆ ನೋಡಿದೆ. ಅದು ಹೊಗೆಯೇ.

ಚಿತ್ರವನ್ನು ಇಳಿಸಿ, ಚಾದರದಲ್ಲಿ ಸುತ್ತಿ ತಾಳಿಕೋಟೆಗೆ ಒಯ್ದೆ. "ಆ ನಿಂಬಿಹಣ್ಣು ಮತ್ತ ಬರೀಪಾ," ಎಂದೆ.

ಪೇಂಟರ ಕುಂಚ ಅದ್ದಿಕೊಂಡು, ಯಾಕೆಂದು ಕೇಳಿದ. ಹೆಂಡತಿ ಹೊರಟದ್ದನ್ನು ಹೇಳಿದೆ. ಅವನು ಕುಂಚವನ್ನು ಮೆಲ್ಲಗೆ ಡಬ್ಬಿಗೆ ಹಾಕಿದ.

"ಗಾಡಿ ಹೊಂಡೂದಕ್ಕಿಂತ ಮೊದಲ ಕಟ್ಟೂದ್ರಿ ಅದು," ಎಂದ. "ಹೊಂಟ ಮ್ಯಾಲ ಅಲ್ಲ."